ಬಟ್ಟೆ ಕಟ್ಟಿದ ನಲ್ಲಿ

ನಮ್ಮೂರಿನಲ್ಲಿ ನಲ್ಲಿ ನೀರು ದಿನ ಬಿಟ್ಟು ದಿನ ಬರುತ್ತದೆ. ನೀರಿನ ಜೊತೆಗೆ ಜೈಲಿನವರ ಮಾತೂ ಬರುತ್ತಿತ್ತು. ಬೇರೆ ಊರಿನಿಂದ ಸೊಸೆಯಾಗಿ ಬಂದ ಹೆಣ್ಣುಮಕ್ಕಳು ಮೊದಲ ದಿನ ನಲ್ಲಿಯಿಂದ ಗಂಡಸಿನ ದನಿ ಕೇಳಿ ಕೊಡ ಬಿಟ್ಟು ಓಡಿಹೋಗುತ್ತಿದ್ದುದುಂಟು. ನಾನೂ ಓಡಿದ್ದೆ. ನೀರಿನ ಮರುಸರದಿ ಬಂದಾಗ ನಮ್ಮತ್ತೆ ಕೈಗೆ ಕೊಡ ಕೊಟ್ಟು, ಮಾತು ಕೇಳಿದರೆ ಕಿವಿಯೇನು ಸವೆಯುತ್ತದೆಯೇ, ನೀರು ತಪ್ಪಿದರೆ ಒಲೆ ಮೇಲೆ ಏನಿಡುತ್ತೀ ಎಂದರು. ಅಲ್ಲಿಗೆ ನನಗೂ ಅಭ್ಯಾಸವಾಯಿತು.

ಜೈಲು ಇರುವುದು ಊರಿನ ಮೇಲಿನ ಗುಡ್ಡದಲ್ಲಿ, ನೀರಿನ ದೊಡ್ಡ ತೊಟ್ಟಿಯ ಪಕ್ಕ. ಒಳಗೂ ಒಂದು ನಲ್ಲಿ ಇದೆ. ನೀರು ಬಿಟ್ಟ ಹೊತ್ತಿನಲ್ಲಿ ಕೈದಿಗಳು ಸಾಲಾಗಿ ನಿಂತು ಒಬ್ಬೊಬ್ಬರು ಒಂದೊಂದು ಕೊಡ ಹಿಡಿಯುತ್ತಾರೆ. ಕೊಡ ತುಂಬುವ ತನಕ ನಲ್ಲಿಗೆ ಬಾಯಿ ಕೊಟ್ಟು ಏನು ಬೇಕಾದರೂ ಮಾತಾಡಬಹುದು. ತುಂಬಿತೋ, ಹಿಂದಿನವನಿಗೆ ಜಾಗ ಬಿಡಬೇಕು. ಮೇಲೆ ಆಡಿದ್ದು ಕೆಳಗೆ ಊರಿನ ನಲ್ಲಿಗಳಲ್ಲೆಲ್ಲ ಕೇಳುತ್ತಿತ್ತು. ನೀರು ಮೇಲಕ್ಕೆ ಹತ್ತುವುದಿಲ್ಲವಾದ್ದರಿಂದ ನಾವು ಆಡಿದ್ದು ಅವರಿಗೆ ಕೇಳುತ್ತಿರಲಿಲ್ಲ. ತಿಂಗಳಿಗೊಮ್ಮೆ ಭೇಟಿ ಇತ್ತು, ಆದರೆ ಅಲ್ಲಿ ತುಟಿ ಎರಡು ಮಾಡುವ ಹಾಗಿರಲಿಲ್ಲ. ಮಾತಿಗೆ ನಲ್ಲಿ ಕೊಟ್ಟಿದ್ದೇವಲ್ಲ, ಭೇಟಿ ಮುಖ ನೋಡುವುದಕ್ಕೆ ಎನ್ನುವುದು ಜೈಲಿನ ಅಧಿಕಾರಿಗಳ ನ್ಯಾಯ. ಕಾಗದ ಬರೆಯುವಂತಿಲ್ಲ ಎನ್ನುವುದಕ್ಕೂ ಅದೇ ನ್ಯಾಯ.

ಊರಿನವರು ಇದಕ್ಕೆಲ್ಲ ಹೊಂದಿಕೊಂಡಿದ್ದರು. ಖೋಟಾ ಸಹಿ ಹಾಕಿ ಒಳಗೆ ಹೋಗಿದ್ದ ವಾಮನಾಚಾರ್ಯರು ತಮ್ಮ ಕೊಡ ತುಂಬುವಷ್ಟು ಹೊತ್ತು ಮಗ್ಗಿ ಹೇಳುತ್ತಿದ್ದರು. ನಮ್ಮ ಬೀದಿಯ ಮಕ್ಕಳಿಗೆ ಮಗ್ಗಿ ಬಂದದ್ದು ಶಾಲೆಯಿಂದಲ್ಲ, ಅವರಿಂದ. ಬೀಗ ಮುರಿಯುವ ಕಸುಬಿನವನೊಬ್ಬ ಯಾವ ಬೀಗ ಕೊಳ್ಳಬಾರದು ಎಂದು ಹೇಳಿದರೆ ಅಂಥ ಬೀಗಗಳು ಅಂಗಡಿಯಲ್ಲೇ ತುಕ್ಕು ಹಿಡಿಯುತ್ತಿದ್ದವು. ಬಾಯಿ ಕೆಟ್ಟವನ ಪಾಳಿ ಬಂದಾಗ ಹೆಂಗಸರೆಲ್ಲ ಜೋರಾಗಿ ಕೆಮ್ಮುತ್ತಿದ್ದೆವು. ನಲ್ಲಿಯನ್ನು ಮಾತ್ರ ಯಾರೂ ನಿಲ್ಲಿಸುತ್ತಿರಲಿಲ್ಲ. ನಿಲ್ಲಿಸಿದರೆ ನೀರು ಯಾರಪ್ಪ ತಂದುಕೊಡುತ್ತಾನೆ? ಯಾರದಾದರೂ ಮನೆಯವನ ದನಿ ಬಂದರೆ, ನಿಮ್ಮವರು ಬಂದರು ಬನ್ನಿ ಎಂದು ಕೂಗಿ ಕರೆದು, ಆ ಮನೆಯವರ ಕೊಡವನ್ನು ಮುಂದಕ್ಕೆ ಇಡುತ್ತಿದ್ದರು. ನನ್ನ ಕೊಡವನ್ನೂ ಹಾಗೆ ಮುಂದಿಟ್ಟಿದ್ದಾರೆ, ಇಲ್ಲವೆನ್ನಲಾರೆ.

ನನ್ನ ಗಂಡ ಕೊಟ್ರೇಶಿ ಕೊಲೆ ಮಾಡಿ ಒಳಗೆ ಹೋದವನು. ಯಾರೋ ಸಿಕ್ಕಿಹಾಕಿಸಿದ ಸುಳ್ಳು ಕೇಸಲ್ಲ, ಮಾಡಿದ್ದು ಅವನೇ. ಅವನೂ ನಮ್ಮ ಬೀದಿಯ ಹಾಲವ್ವನ ಮಗ ಚನ್ನವೀರನೂ ಎಣ್ಣೆ ಮಿಲ್ಲಿನಲ್ಲಿ ಜೊತೆಯಾಗಿ ಶೇಂಗಾ ಮೂಟೆ ಹೊರುತ್ತಿದ್ದರು, ಒಂದೇ ಬುತ್ತಿಯಲ್ಲಿ ಉಣ್ಣುತ್ತಿದ್ದರು. ಒಂದು ಮಧ್ಯಾಹ್ನ ಯಾವುದೋ ಕೆಲಸಕ್ಕೆ ಬಾರದ ಮಾತಿಗೆ ಜಗಳ ಹತ್ತಿ, ನನ್ನ ಗಂಡ ಕೈಗೆ ಸಿಕ್ಕ ಕಬ್ಬಿಣದ ಸಲಾಕೆ ಬೀಸಿದ. ಬೀಸಿದ ಮೇಲೆ ಬುದ್ಧಿ ಬಂತು. ತಾನೇ ಅವನನ್ನು ಮಿಲ್ಲಿನ ತಳ್ಳುಗಾಡಿಯ ಮೇಲೆ ಮಲಗಿಸಿ, ಒಬ್ಬನೇ ತಳ್ಳಿಕೊಂಡು ಆಸ್ಪತ್ರೆಗೆ ಓಡಿದ. ಚನ್ನವೀರನಿಗೆ ಎಚ್ಚರವಿತ್ತು, ದಾರಿಯುದ್ದಕ್ಕೂ ಏನೋ ಹೇಳುತ್ತಿದ್ದ ಎಂದು ನೋಡಿದವರು ಅಂದರು. ಗಾಡಿಯ ಸದ್ದಿನಲ್ಲಿ ಅದು ಅವರಿಗೆ ಕೇಳಿಸಿರಲಿಲ್ಲ. ಆಸ್ಪತ್ರೆಯ ಬಾಗಿಲಿಗೆ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕೋರ್ಟಿನಲ್ಲಿ ನನ್ನ ಗಂಡ ಹೊಡೆದೆ ಎಂದ, ಮತ್ತೆ ಬಾಯಿ ಬಿಡಲಿಲ್ಲ. ನಾನು ಅವನನ್ನು ಬೈದುಕೊಳ್ಳದ ದಿನವಿಲ್ಲ, ಅವನ ದನಿಗೆ ಕಾಯದ ದಿನವೂ ಇರಲಿಲ್ಲ.

ನಮ್ಮ ಬೀದಿಗೆಲ್ಲ ಇರುವುದು ಒಂದೇ ನಲ್ಲಿ. ಹೀಗಾಗಿ ಮಗನನ್ನು ಕೊಂದವನ ದನಿಯನ್ನು ಹಾಲವ್ವ ದಿನ ಬಿಟ್ಟು ದಿನ ಕೇಳಬೇಕಿತ್ತು. ನನ್ನ ಗಂಡನೋ ಮೊದಲಿನಿಂದ ಬಾಯಿಬಡುಕ. ಹೆಂಚು ಸರಿಮಾಡಿಸು, ಎಮ್ಮೆಗೆ ಹಿಂಡಿ ಜಾಸ್ತಿ ಹಾಕಬೇಡ, ಇಲ್ಲೊಬ್ಬ ನಿದ್ದೆಯಲ್ಲಿ ಹಾಡು ಹೇಳುತ್ತಾನೆ, ಹೀಗೆ ಏನೇನೋ. ನಡುನಡುವೆ ನಗುತ್ತಿದ್ದ. ಆ ನಗು ಕೇಳಿದಾಗ ನನಗೆ ನಿಂತ ನೆಲ ಬಾಯಿ ಬಿಡಬಾರದೇ ಎನ್ನಿಸುತ್ತಿತ್ತು. ಹಾಲವ್ವ ಮಾತ್ರ ಮುಖ ತಿರುಗಿಸಿದವಳಲ್ಲ. ಅವನ ಪಾಳಿ ಬಂತೆಂದರೆ ಖಾಲಿ ಕೊಡವನ್ನು ಸೊಂಟಕ್ಕಿಟ್ಟುಕೊಂಡು ನಲ್ಲಿಗೆ ಇನ್ನಷ್ಟು ಹತ್ತಿರ ಬಂದು ನಿಲ್ಲುತ್ತಿದ್ದಳು. ಶಾಪ ಹಾಕುವುದಕ್ಕೆ ನಿಲ್ಲುತ್ತಾಳೆ ಎಂದು ಬೀದಿಯವರು ಆಡಿಕೊಳ್ಳುತ್ತಿದ್ದರು. ನಾನೂ ಹಾಗೆಯೇ ತಿಳಿದಿದ್ದೆ. ಕೇಳೋಣವೆಂದರೆ ಆಕೆ ನನ್ನ ಜೊತೆ ಮಾತು ಬಿಟ್ಟಿದ್ದಳು.

ಅಷ್ಟರಲ್ಲಿ ಜೈಲಿನವರ ಮಾತು ಬೇರೆ ದಾರಿ ಹಿಡಿಯಿತು. ಒಂದು ಬೆಳಿಗ್ಗೆ ವಾಮನಾಚಾರ್ಯರು ಮಗ್ಗಿಯನ್ನು ಅರ್ಧಕ್ಕೆ ಬಿಟ್ಟು, ಇಲ್ಲಿಯ ಮುದ್ದೆಯಲ್ಲಿ ಹುಳು ಬರುತ್ತಿದೆ ಎಂದರು. ಮುಂದಿನ ಸಲ ಬೀಗದವನು, ಅದನ್ನು ತಿಂದು ಒಬ್ಬ ಮುದುಕ ವಾಂತಿಭೇದಿಯಾಗಿ ಸತ್ತ ಎಂದ. ಆಮೇಲೆ ಒಬ್ಬರಾದ ಮೇಲೊಬ್ಬರು ಅದನ್ನೇ ಹೇಳತೊಡಗಿದರು. ರಾಗಿ ಒದಗಿಸುವವನ ಹೆಸರನ್ನೂ ಹೇಳಿದರು. ಅವನು ಪುರಸಭೆ ಅಧ್ಯಕ್ಷ ಮಹಾರುದ್ರಪ್ಪನವರ ಭಾಮೈದ. ಅಧ್ಯಕ್ಷರ ಮನೆಗೂ ನಲ್ಲಿ ಇದೆ. ಅವರ ಮಗಳನ್ನು ನೋಡಲು ಬಂದವರು ಊಟಕ್ಕೆ ಮುಂಚೆ ಕೈತೊಳೆಯುತ್ತಿದ್ದಾಗ ನಲ್ಲಿಯೇ ಆ ಹೆಸರು ಹೇಳಿತಂತೆ. ಬಂದವರು ಎಲೆಯ ಮುಂದೆ ಕೂರಲಿಲ್ಲವಂತೆ. ಅದಾದ ಮೇಲೆ ತಡವಾಗಲಿಲ್ಲ. ಕೈದಿಗಳಿಗೆ ಮಾತಿನ ಹಕ್ಕು ಇರಬೇಕೋ ಬೇಡವೋ ತೀರ್ಮಾನಿಸಲು ಊರಿನ ಸಭೆ ಸೇರಲಿದೆ ಎಂದು ಡಂಗುರ ಹೊಡೆಸಿದರು.

ಸಂತೆ ಮೈದಾನದಲ್ಲಿ ಪೆಂಡಾಲು ಹಾಕಿದ್ದರು. ಅಧ್ಯಕ್ಷರು ರಾಗಿಯ ಸುದ್ದಿಯನ್ನೇ ಎತ್ತಲಿಲ್ಲ. ತಾಯಿಯ ಕರುಳಿನ ಬಗ್ಗೆ ಮಾತಾಡಿದರು. ಮಗನನ್ನು ತಿಂದುಕೊಂಡವನ ನಗು ಆ ತಾಯಿಯ ಕೊಡಕ್ಕೆ ಬಂದು ಬೀಳಬೇಕೇ, ಸತ್ತವನ ಬಾಯಿಗೆ ಮಣ್ಣು ಬಿದ್ದಿರುವಾಗ ಕೊಂದವನ ಬಾಯಿಗೆ ಹಕ್ಕು ಯಾತಕ್ಕೆ ಎಂದು ಕೇಳಿದರು. ಜನ ಚಪ್ಪಾಳೆ ತಟ್ಟಿದರು. ಆ ಮನುಷ್ಯನ ಹೊಟ್ಟೆಯಲ್ಲಿ ಏನಿತ್ತು ಎಂದು ನನಗೆ ಗೊತ್ತಿತ್ತು, ಆದರೂ ಅವರು ಕೇಳಿದ್ದರಲ್ಲಿ ಸುಳ್ಳಿರಲಿಲ್ಲ. ಒಬ್ಬ ವಕೀಲರು ಎದ್ದು, ಅವರನ್ನು ಕೂಡಿಹಾಕಿದ್ದೇ ಶಿಕ್ಷೆ, ನಾಲಿಗೆ ಕತ್ತರಿಸಿ ಎಂದು ಯಾವ ಕೋರ್ಟೂ ಹೇಳಿಲ್ಲ ಎಂದರು. ಅವರನ್ನು ಕೂಗಿ ಕೂರಿಸಿದರು. ಆಮೇಲೆ ಹಾಲವ್ವನನ್ನು ಇಬ್ಬರು ಹೆಂಗಸರು ತೋಳು ಹಿಡಿದು ವೇದಿಕೆಗೆ ಹತ್ತಿಸಿದರು. ಅಧ್ಯಕ್ಷರು ಮೈಕನ್ನು ತಾವೇ ತಗ್ಗಿಸಿ ಕೊಟ್ಟರು. ಆಕೆ ಅತ್ತರೆ ಸಾಕು ಎಂದು ಅವರ ಲೆಕ್ಕ.

ಹಾಲವ್ವ ಅಳಲಿಲ್ಲ. "ನನ್ನ ಮಗ ಗಾಡಿ ಮ್ಯಾಲೆ ಏನೋ ಹೇಳ್ಯಾನೆ," ಎಂದಳು. "ಕೇಳಿದ್ದು ಆ ಕೊಟ್ರೇಶಿ ಒಬ್ನೇ. ಅವನು ಎಮ್ಮೆ ಸುದ್ದಿ ಹೇಳ್ತಾನೆ, ಹೆಂಚಿನ ಸುದ್ದಿ ಹೇಳ್ತಾನೆ, ಅದೊಂದನ್ನ ಹೇಳಲ್ಲ. ಇವತ್ತಲ್ಲ ನಾಳೆ ಹೇಳ್ತಾನೆ ಅಂತ ಕೊಡ ಹಿಡಕಂಡು ನಿಂತಿರ್ತೀನಿ. ಈಗ ನೀವು ಅವನ ಬಾಯಿ ಮುಚ್ಚಿಸಿದ್ರೆ ನಂಗೆ ಯಾರು ಹೇಳ್ತಾರೆ? ಅವನು ಮಾತಾಡ್ಲಿ."

ಮೈಕನ್ನು ಅಧ್ಯಕ್ಷರ ಕೈಗೇ ಕೊಟ್ಟು ಇಳಿದುಬಂದಳು. ಬಾಯಿ ಮುಚ್ಚಿಸುವುದು ಬೇಡವೆಂದು ಹೆತ್ತವಳೇ ಅಂದ ಮೇಲೆ ಬೇಕೆನ್ನಲು ಯಾರಿಗೆ ಮುಖ ಇರುತ್ತದೆ? ಹಕ್ಕು ಇರಲಿ ಎನ್ನುವವರು ಕೈ ಎತ್ತಿ ಎಂದಾಗ ಮೊದಲು ಹೆಂಗಸರು ಎತ್ತಿದರು, ಆಮೇಲೆ ಎಲ್ಲರೂ ಎತ್ತಿದರು. ಅಧ್ಯಕ್ಷರು ಸುತ್ತ ನೋಡಿ ತಾವೂ ಎತ್ತಿದರು. ಬಸ್ ಸ್ಟ್ಯಾಂಡಿನ ಎದುರಿಗೆ ಒಂದು ಕಲ್ಲಿನ ಫಲಕ ನಿಲ್ಲಿಸಿ, ಈ ಊರಿನಲ್ಲಿ ಕೈದಿಗಳಿಗೂ ಮಾತಿನ ಹಕ್ಕು ಉಂಟು ಎಂದು ಕೆತ್ತಿಸಲು ಅಪ್ಪಣೆಯಾಯಿತು. ಅದೇ ಸಂಜೆ ಜೈಲಿನ ಅಂಗಳದಲ್ಲಿ ಕೈದಿಗಳನ್ನೆಲ್ಲ ಸೇರಿಸಿ ಸಭೆಯ ತೀರ್ಮಾನವನ್ನೂ ಹಾಲವ್ವನ ಮಾತನ್ನೂ ಓದಿ ಹೇಳಿದರಂತೆ. ನಾನು ಆಕೆಯ ಮನೆಗೆ ಹೋಗಿ ಕಾಲಿಗೆ ಬಿದ್ದೆ. ಕಾಲನ್ನು ಹಿಂದಕ್ಕೆ ಎಳೆದುಕೊಂಡಳು. ನಿನ್ನ ಗಂಡನ ಸಲುವಾಗಿ ಅಲ್ಲ ಎಂದಳು. ಮಗ ಸತ್ತ ಮೇಲೆ ನನ್ನೊಡನೆ ಆಡಿದ ಮೊದಲ ಮಾತು ಅದು.

ಸಭೆಯ ಮರುದಿನ ನೀರು ಬರುವ ಮುಂಚೆ ಪುರಸಭೆಯ ಆಳುಗಳು ಬೀದಿಬೀದಿಗೆ ಬಂದು ಬಟ್ಟೆ ಹಂಚಿದರು. ನೀರಿನಲ್ಲಿ ಹುಳು ಕಾಣಿಸಿಕೊಂಡಿದೆ, ಊರಿನ ಆರೋಗ್ಯ ಮುಖ್ಯ, ಪ್ರತಿಯೊಂದು ನಲ್ಲಿಯ ಬಾಯಿಗೂ ಇದನ್ನು ಕಟ್ಟಬೇಕು, ಬಟ್ಟೆಯಿಲ್ಲದ ನಲ್ಲಿ ಕಂಡುಬಂದರೆ ಆ ಬೀದಿಗೇ ನೀರು ಬಂದ್ ಎಂದರು. ನಲ್ಲಿಗೆ ಬಟ್ಟೆ ಕಟ್ಟುವುದು ನಮಗೇನು ಹೊಸದಲ್ಲ. ಮಳೆಗಾಲದಲ್ಲಿ ಕೆಂಪು ನೀರು ಬಂದಾಗ ಹಳೇ ಪಂಚೆಯ ಚೂರು ಕಟ್ಟುತ್ತಿದ್ದೆವು. ಆಗ ಮಾತು ನೆಗಡಿಯಾದವರ ದನಿಯಂತೆ ಬರುತ್ತಿತ್ತು, ಆದರೆ ಬರುತ್ತಿತ್ತು. ಇದು ಕಂಬಳಿಯಷ್ಟು ದಪ್ಪ, ನಾಲ್ಕು ಪದರ. ನೀರು ಬಂತು, ಮಾತು ಬರಲಿಲ್ಲ. ಹುಳು ಇರುವುದು ರಾಗಿಯಲ್ಲಿ, ನೀರಿನಲ್ಲಲ್ಲ ಎಂದು ನಾನು ಅಂದೆ. ಬೀದಿಯವರು ಕೇಳಿಸದವರ ಹಾಗೆ ಕೊಡ ತುಂಬಿಸಿಕೊಂಡರು.

ಎಲ್ಲರೂ ಕೆಟ್ಟವರು ಎನ್ನಲಾರೆ. ಅವರಿಗೆ ಹಾಯೆನಿಸಿತ್ತು, ಅಷ್ಟೇ. ಯಾರ ಹಕ್ಕನ್ನೂ ಯಾರೂ ಕಿತ್ತುಕೊಂಡಿರಲಿಲ್ಲ. ದೊಡ್ಡ ಮನಸ್ಸಿನವರು ಎಂಬ ಹೆಸರೂ ಬಂತು, ಬೆಳಗಿನ ಹೊತ್ತು ಹುಳು ತಿಂದು ಸತ್ತವರ ಸುದ್ದಿ ಕೇಳುವುದೂ ತಪ್ಪಿತು. ಮೇಷ್ಟ್ರುಗಳು ಮಕ್ಕಳನ್ನು ಸಾಲಾಗಿ ಕರೆದುಕೊಂಡು ಹೋಗಿ ಫಲಕ ತೋರಿಸಿದರು. ಹೊರಗಿನ ಊರುಗಳಿಂದ ದೊಡ್ಡವರು ಬಂದು ಅದರ ಮುಂದೆ ನಿಂತು ಫೋಟೋ ಹಿಡಿಸಿಕೊಂಡರು. ಅಂಗಡಿಗಳಲ್ಲಿ ಕಸೂತಿ ಹಾಕಿದ ನಲ್ಲಿ ಬಟ್ಟೆ ಬಂತು, ಮದುವೆಯಲ್ಲಿ ಉಡುಗೊರೆ ಕೊಡತೊಡಗಿದರು. ಅಧ್ಯಕ್ಷರ ಮಗಳಿಗೂ ಗಂಡು ಗೊತ್ತಾಯಿತು. ಮಕ್ಕಳಿಗೆ ಮಗ್ಗಿ ಮರೆತುಹೋಗಿದ್ದನ್ನು ಬಿಟ್ಟರೆ ಊರಿಗೆ ಯಾವ ನಷ್ಟವೂ ಆಗಲಿಲ್ಲ.

ಹಾಲವ್ವ ಮೊದಮೊದಲು ಬೀದಿಯವರನ್ನು ಬೇಡಿಕೊಂಡಳು. ಅವನ ಪಾಳಿ ಮುಗಿಯುವಷ್ಟು ಹೊತ್ತು ಬಟ್ಟೆ ಬಿಚ್ಚಿ, ಆಮೇಲೆ ಕಟ್ಟಿಕೊಳ್ಳಿ ಎಂದಳು. ಬೀದಿಗೆ ದೊಡ್ಡವಳೆನಿಸಿಕೊಂಡಿದ್ದ ಶಾಂತವೀರಮ್ಮ ಆಕೆಯ ಬೆನ್ನು ಸವರಿ, ಆರಿದ ಗಾಯವನ್ನು ಯಾಕೆ ಕೆದಕಿಕೊಳ್ಳುತ್ತೀರಿ, ನಿಮ್ಮ ಒಳ್ಳೆಯದಕ್ಕೇ ಹೇಳುತ್ತೇನೆ ಎಂದು ಕಣ್ಣೀರನ್ನೂ ಹಾಕಿದಳು. ಬಟ್ಟೆ ಬಿಚ್ಚಲಿಲ್ಲ. ನಾನು ಕೈ ಹಾಕಲು ಹೋದಾಗ ನನ್ನ ಕೊಡವನ್ನು ಎತ್ತಿ ಚರಂಡಿಗೆ ಒಗೆದರು. ಇಷ್ಟು ವರ್ಷ ಅದನ್ನು ಮುಂದಿಡುತ್ತಿದ್ದ ಕೈಗಳೇ ಅವು.

ಭೇಟಿಯ ದಿನ ನಾನು ಗಂಡನಿಗೆ ಹೇಗಾದರೂ ತಿಳಿಸಬೇಕೆಂದು ಹೋದೆ. ನಡುವೆ ಕಬ್ಬಿಣದ ಜಾಲರಿ, ಪಕ್ಕದಲ್ಲಿ ಕಾವಲಿನವನು. ಮಾತಾಡಿದರೆ ಆ ಕೈದಿಗೆ ಮತ್ತೆ ಭೇಟಿಯೇ ಇಲ್ಲ. ಸನ್ನೆಯೂ ಕೂಡದು. ಸೆರಗು ಹೊದ್ದುಕೊಳ್ಳುವವಳಂತೆ ಸೆರಗನ್ನು ತಂದು ಬಾಯಿಗೆ ಗಟ್ಟಿಯಾಗಿ ಒತ್ತಿಕೊಂಡೆ. ನಲ್ಲಿಗೆ ಬಟ್ಟೆ ಕಟ್ಟಿದ್ದಾರೆ ಎಂದು ನಾನು ಹೇಳಿದ್ದು. ನಾನು ಅಳು ತಡೆದುಕೊಳ್ಳುತ್ತಿದ್ದೇನೆ ಎಂದು ಅವನು ತಿಳಿದ. ಅವನ ಕಣ್ಣಲ್ಲೂ ನೀರು ಬಂತು. ಪ್ರತಿ ತಿಂಗಳೂ ಹಾಗೆಯೇ ಮಾಡಿದೆ, ಪ್ರತಿ ತಿಂಗಳೂ ಅವನು ಅತ್ತ. ಇಷ್ಟು ದಿನದ ಸಂಸಾರದಲ್ಲಿ ಒಬ್ಬರನ್ನೊಬ್ಬರು ಅರ್ಥ ಮಾಡಿಕೊಂಡದ್ದು ಅಷ್ಟರಲ್ಲೇ ಇದೆ ಎಂದು ನನಗೆ ಸಿಟ್ಟು ಬರುತ್ತಿತ್ತು.

ನಲ್ಲಿಯ ಬಟ್ಟೆಗೆ ಕೆಸರು ಹಿಡಿದು ನೀರು ಸಣ್ಣಗಾಗುತ್ತಿತ್ತು. ಅದನ್ನು ಆಗಾಗ ತೊಳೆಯಬೇಕಾಗಿ ಬಂದು, ಮನೆಗೊಂದು ಪಾಳಿ ಎಂದಾಯಿತು. ಬಿಚ್ಚಿಕೊಂಡು ಹೋಗಿ ತೊಳೆದು ಒಣಗಿಸಿ, ನೀರು ಬರುವ ಮುಂಚೆ ತಂದು ಕಟ್ಟಬೇಕು. ಒದ್ದೆಯಾಗಿ ಕಟ್ಟಿದರೆ ಬೂಸ್ಟು ಹಿಡಿಯುತ್ತದೆ ಎಂದು ಆಳುಗಳು ಹೇಳಿಹೋಗಿದ್ದರು. ಕೈದಿಗಳ ಮನೆಯವರಿಗೆ ಆ ಪಾಳಿ ಕೊಡಲಿಲ್ಲ, ನಂಬುವಂತಿಲ್ಲ ಎಂದು. ಹಾಲವ್ವನನ್ನು ಮಾತ್ರ ಎಲ್ಲರೂ ನಂಬಿದ್ದರು, ಆಕೆ ಸತ್ತವನ ತಾಯಿಯಲ್ಲವೇ. ಅಷ್ಟರಲ್ಲಿ ಆಕೆ ಬೇಡುವುದನ್ನೂ ಬಿಟ್ಟಿದ್ದಳು. ಬೀದಿಯ ಆ ತುದಿಯಿಂದ ಪಾಳಿ ಒಂದೊಂದೇ ಮನೆ ದಾಟಿ ಬರುವುದನ್ನು ನೋಡುತ್ತ ಕಾಯುತ್ತಿದ್ದಳು.

ಪಾಳಿ ಆಕೆಯ ಮನೆಗೆ ಬಂದಾಗ ಮೋಡದ ದಿನಗಳು. ನೀರು ಬರುವ ಹೊತ್ತಿಗೆ ಬಟ್ಟೆಯನ್ನು ಕೈಯಲ್ಲಿ ಹಿಡಿದು ಬಂದಳು. ನೀರು ತೊಟ್ಟಿಕ್ಕುತ್ತಿತ್ತು. ಆರಿಲ್ಲ, ಏನು ಮಾಡಲಿ, ಹಸಿ ಕಟ್ಟಬಾರದಂತಲ್ಲ ಎಂದಳು. ಶಾಂತವೀರಮ್ಮನಿಗೆ ಅನುಮಾನ ಬಂದರೂ ಆಳುಗಳು ಹೇಳಿದ್ದನ್ನು ಮೀರುವಂತಿರಲಿಲ್ಲ. ಹಾಲವ್ವ ತನ್ನ ಕೊಡವನ್ನು ನಲ್ಲಿಯ ಕೆಳಗಿಟ್ಟು, ಮಂಗಳಾ ಎಂದು ನನ್ನನ್ನು ಹೆಸರು ಹಿಡಿದು ಕರೆದು, ನನ್ನ ಕೊಡವನ್ನು ಪಕ್ಕದಲ್ಲಿಡಿಸಿದಳು.

ನೀರು ಬಂತು. ಮೊದಲು ವಾಮನಾಚಾರ್ಯರ ದನಿ. ತುಂಬ ಸೊರಗಿತ್ತು, ಮತ್ತೆ ಇಬ್ಬರು ಹೋದರು ಎಂದರು, ಹೆಸರು ಹೇಳಿದರು. ಕೆಮ್ಮುವ ಅಭ್ಯಾಸ ಬಿಟ್ಟುಹೋಗಿದ್ದರಿಂದ ಹೆಂಗಸರು ನೆಲ ನೋಡುತ್ತ ನಿಂತರು. ಆಮೇಲೆ ನನ್ನ ಗಂಡನ ದನಿ ಬಂತು. ನಗು ಇರಲಿಲ್ಲ.

"ಯವ್ವಾ, ಹಾಲವ್ವಾ," ಎಂದ. "ನೀವು ಸಭೆಯಾಗೆ ಕೇಳಿದ್ದನ್ನ ಅವತ್ತಿಂದ ಪ್ರತಿ ಪಾಳೀಲೂ ಹೇಳೀನಿ. ಒಂದಕ್ಷರ ಕೂಡಿಸಿಲ್ಲ, ಒಂದಕ್ಷರ ಬಿಟ್ಟಿಲ್ಲ. ಹೇಳಿದಾಗೆಲ್ಲ ಆ ಗಾಡಿ ತಳ್ಳಿದಂಗೇ ಆಗ್ತೈತೆ. ಚನ್ನವೀರನ ಮಾತು ನಿಮಗೆ ಮುಟ್ಟೈತೆ, ಇನ್ನ ನಾನು ಅದನ್ನ ಬಾಯಾಗೆ ತರಲ್ಲ. ಮಂಗಳಾ, ನಿಂಗೂ ಹೇಳೋದು ಹೇಳಿ ಮುಗಿಸೀನಿ. ಇನ್ಮ್ಯಾಲಿನ ನನ್ನ ಕೊಡದ ಹೊತ್ತನ್ನ ಆಚಾರ್ರಿಗೆ ಬಿಟ್ಟುಕೊಟ್ಟೀನಿ. ಸತ್ತವರ ಹೆಸರು ಜಾಸ್ತಿ ಆಗ್ಯಾವೆ, ಅವರ ಒಂದು ಕೊಡ ಸಾಲ್ತಿಲ್ಲ."

ಅಷ್ಟೇ. ಮುಂದೆ ಇನ್ಯಾರದೋ ದನಿ ಬಂತು. ಹಾಲವ್ವನ ಕೊಡ ತುಂಬಿ ಹರಿಯುತ್ತಿತ್ತು. ಆಕೆ ಬಗ್ಗಿ ನಲ್ಲಿಯ ಬಾಯಿಗೆ ತನ್ನ ಬಾಯಿ ಒತ್ತಿ, ಏನಂದ, ಇನ್ನೊಂದು ಸಲ ಹೇಳು ಎಂದು ಕೂಗಿದಳು. ನೀರು ಆಕೆಯ ಬಾಯಿಗೂ ಮೂಗಿಗೂ ನುಗ್ಗಿ ಉಸಿರು ಕಟ್ಟಿತು. ನಾನು ಹಿಡಿದು ಎಳೆದೆ. ಶಾಂತವೀರಮ್ಮ ಬಂದು ಹಸಿ ಬಟ್ಟೆಯನ್ನೇ ಬಿಗಿದು ಕಟ್ಟಿದಳು.

ಮುಂದಿನ ಭೇಟಿಗೆ ಹಾಲವ್ವ ನನ್ನ ಜೊತೆ ಬಂದಳು. ಗುಡ್ಡ ಹತ್ತುವಾಗ ಅಲ್ಲಿಯ ಕಟ್ಟುನಿಟ್ಟನ್ನೆಲ್ಲ ಹೇಳಿದೆ. ಬರಿ ನೋಡುತ್ತೇನೆ, ತುಟಿ ನೋಡಿದರೆ ತಿಳಿದೀತು ಎಂದಳು. ಜಾಲರಿಯ ಆಚೆ ನನ್ನ ಗಂಡ ಬಂದ. ಆಕೆಯನ್ನು ಕಂಡವನೇ ನೆಲಕ್ಕೆ ಹಣೆ ಹಚ್ಚಿದ. ಎದ್ದಾಗ ಅವನ ಮುಖ ಹಗುರಾಗಿತ್ತು. ಮಿಲ್ಲಿನಿಂದ ಚನ್ನವೀರನ ಹೆಗಲ ಮೇಲೆ ಕೈ ಹಾಕಿಕೊಂಡು ಬರುತ್ತಿದ್ದಾಗಿನ ಮುಖ ಅದು. ಮಗನ ಕೊನೆಯ ಮಾತು ಕೇಳಿ, ಮನಸ್ಸು ಕರಗಿ, ತನ್ನನ್ನು ನೋಡಲು ಬಂದಿದ್ದಾಳೆ ಎಂದು ಅವನು ತಿಳಿದಿದ್ದ. ತುಟಿ ಮುಚ್ಚಿಕೊಂಡೇ ಕೈ ಮುಗಿದು ನಿಂತ.

ಹಾಲವ್ವ ನನ್ನ ಕಡೆಗೆ ತಿರುಗಿ ನೋಡಿದಳು. ಆಕೆ ಬಾಯಿ ಬಿಟ್ಟರೆ ನಾನು ಗಂಡನ ಮುಖ ನೋಡುವುದು ಇದೇ ಕೊನೆ, ಅದು ಆಕೆಗೂ ಗೊತ್ತಿತ್ತು. ಕೇಳಿ ಎಂದು ತಲೆಯಾಡಿಸಿದೆ.

"ನನ್ನ ಮಗ ಏನಂದ?" ಎಂದಳು. "ನಂಗೆ ಕೇಳಿಲ್ಲಪ್ಪ. ಊರಿನ ನಲ್ಲಿಗೆಲ್ಲ ಬಟ್ಟೆ ಕಟ್ಯಾರೆ. ನೀನು ಹೇಳಿದ್ದು ಯಾರಿಗೂ ಕೇಳಿಲ್ಲ."

ಅವನು ಆಕೆಯನ್ನು ನೋಡಿದ, ನನ್ನನ್ನು ನೋಡಿದ. ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಈ ಸಲ ಅವನಿಗೆ ಅರ್ಥವಾಯಿತು. ಮುಖ ಸುಣ್ಣವಾಯಿತು. ಬಾಯಿ ತೆರೆದ. ಅಷ್ಟರಲ್ಲಿ ಕಾವಲಿನವನ ಕೈ ಅವನ ಬಾಯಿಯ ಮೇಲಿತ್ತು. ಜೈಲರು ಎದ್ದು ಬಂದರು. ಒರಟು ಮನುಷ್ಯರಲ್ಲ, ಅವನ ಹೆಗಲು ತಟ್ಟಿ ಮೆತ್ತಗೆ ಹೇಳಿದರು. "ಇಲ್ಲಿ ಬೇಡಪ್ಪ. ನಿನ್ನ ಮಾತಿನ ಹಕ್ಕನ್ನ ಯಾರೂ ಕಿತ್ಕೊಂಡಿಲ್ಲ. ನಲ್ಲಿ ಇದೆ, ಅಲ್ಲಿ ಹೇಳು."

ಅಲ್ಲಿಗೆ ನನ್ನ ಭೇಟಿ ನಿಂತಿತು. ಬಟ್ಟೆ ತೊಳೆಯುವ ಪಾಳಿಯಿಂದ ಹಾಲವ್ವನನ್ನೂ ತೆಗೆದುಹಾಕಿದರು. ಈಗ ನಾವಿಬ್ಬರೂ ನೀರಿಗೆ ಜೊತೆಯಲ್ಲೇ ಹೋಗುತ್ತೇವೆ, ಜೊತೆಯಲ್ಲೇ ಕೊಡ ಇಡುತ್ತೇವೆ. ಅವನ ಪಾಳಿ ಯಾವುದೆಂದು ಈಗ ತಿಳಿಯುವುದಿಲ್ಲ. ಪಾಳಿ ಉಳಿದಿದೆಯೋ, ಅವನೇ ಉಳಿದಿದ್ದಾನೋ, ಅದೂ ತಿಳಿಯದು. ಹಾಲವ್ವ ಬಟ್ಟೆಯ ಮೇಲೆ ಅಂಗೈ ಒತ್ತಿ ನಿಲ್ಲುತ್ತಾಳೆ. ಒಳಗಿನ ನೀರು ಅದುರುತ್ತಿರುತ್ತದೆ. ಈಗ ಹೇಳುತ್ತಿರಬಹುದು ಮಂಗಳಾ ಎನ್ನುತ್ತಾಳೆ. ಹೂಂ ಎನ್ನುತ್ತೇನೆ. ಹಿಂದೆ ನಿಂತವರು ಬೇಗ ತುಂಬಿಸಿಕೊಳ್ಳಿ, ನೀರು ಹೋಗುತ್ತದೆ ಎಂದು ಗದರುತ್ತಾರೆ. ಕೈ ತೆಗೆದು ಕೊಡ ಎತ್ತಿಕೊಂಡು ಹೋಗುತ್ತೇವೆ, ಆ ನೀರಿನಲ್ಲೇ ಇಬ್ಬರೂ ಅನ್ನಕ್ಕಿಡುತ್ತೇವೆ.